ವಿದ್ಯುತ್ತಿಗಿಂತ ಮೊದಲು ಉಗಿ

2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಕಲ್ಹಮ್‌ನಲ್ಲಿ, ಜೆಟ್ ಎಂಬ ಯಂತ್ರದೊಳಗೆ, ಹೈಡ್ರೋಜನ್ನಿನ ಎರಡು ಭಾರದ ಬಗೆಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ಐದು ಸೆಕೆಂಡುಗಳ ಕಾಲ ಬೆಸೆದುಕೊಂಡವು. ಹೊರಬಂದ ಶಕ್ತಿ 69 ಮೆಗಾಜೂಲ್. ಉರಿದ ಇಂಧನ ಕೇವಲ 0.2 ಮಿಲಿಗ್ರಾಂ. ಅತಿಯಾಗಿ ಕಾದ ಅನಿಲವಾದ ಪ್ಲಾಸ್ಮಾವನ್ನು ಆಯಸ್ಕಾಂತದ ಬಲದಲ್ಲಿ ಹಿಡಿದಿಡುವ ಯಾವ ಯಂತ್ರವೂ ಅದುವರೆಗೆ ಒಂದೇ ಓಟದಲ್ಲಿ ಅಷ್ಟು ಸಮ್ಮಿಲನ ಶಕ್ತಿಯನ್ನು, ಅಂದರೆ ಪರಮಾಣುಗಳ ಬೆಸುಗೆಯಿಂದ ಬರುವ ಶಕ್ತಿಯನ್ನು, ಕೊಟ್ಟಿರಲಿಲ್ಲ. ಆ ಶಕ್ತಿಯನ್ನೆಲ್ಲ ಹಿಡಿದು ಒಂದು ಹಂಡೆಗೆ ಊಡಿದ್ದರೆ ಸುಮಾರು 27 ಲೀಟರ್ ತಣ್ಣೀರು ಪೂರ್ತಿ ಆವಿಯಾಗುತ್ತಿತ್ತು.

ಆದರೆ ಆ ಶಾಖವನ್ನು ಬಳಸಿಕೊಳ್ಳುವ ಏರ್ಪಾಡು ಅಲ್ಲಿರಲಿಲ್ಲ. ಅದು ಯಂತ್ರದ ಗೋಡೆಗೆ ತಾಗಿ, ತಂಪು ಮಾಡುವ ನೀರಿಗೆ ಇಳಿದು, ಹೊರಗಿನ ಗಾಳಿ ಸೇರಿತು. ಜೆಟ್ ಕಟ್ಟಿದ್ದೇ ಪ್ರಯೋಗಕ್ಕೆ. ಪ್ಲಾಸ್ಮಾವನ್ನು ಕಾಯಿಸಲು ಅದಕ್ಕೆ ಕೊಟ್ಟ ಶಕ್ತಿಯೂ ಮರಳಿ ಬಂದದ್ದಕ್ಕಿಂತ ಹೆಚ್ಚೇ ಇತ್ತು. ಆ ವರ್ಷದ ಕೊನೆಗೆ ಯಂತ್ರ ಶಾಶ್ವತವಾಗಿ ನಿಂತಿತು.

ಪ್ರಯೋಗಕ್ಕೆಂದು ಕಟ್ಟಿದ ರಿಯಾಕ್ಟರಿನ ಶಾಖ ಒಂದು ಕಾರ್ಖಾನೆಯ ಕೆಲಸಕ್ಕೆ ಬರುವುದು ಹೇಗೆ? ಸಮ್ಮಿಲನದ ಚರಿತ್ರೆಯಲ್ಲಿ ಇದಕ್ಕೆ ಉದಾಹರಣೆಯಿಲ್ಲ. ಯುರೇನಿಯಂ ಪರಮಾಣುವನ್ನು ಒಡೆದು ಶಾಖ ಪಡೆಯುವ ವಿದಳನ ರಿಯಾಕ್ಟರುಗಳ ಚರಿತ್ರೆಯಲ್ಲಿ ಇದೆ. ಅದರಲ್ಲೂ ಒಂದು ಊರಿನ ಕಥೆಯನ್ನು ಸಮ್ಮಿಲನದ ಎಂಜಿನಿಯರುಗಳು ಬಾಯಿಪಾಠ ಮಾಡಬೇಕು.

ಆ ಊರು ಹಾಲ್ಡೆನ್. ನಾರ್ವೆಯ ಆಗ್ನೇಯ ಮೂಲೆಯಲ್ಲಿ, ಸ್ವೀಡನ್ನಿನ ಗಡಿಗೆ ಅಂಟಿಕೊಂಡಂತೆ ಇದೆ. ಊರಿನ ನೆತ್ತಿಯ ಮೇಲೆ ಫ್ರೆಡ್ರಿಕ್‌ಸ್ಟೆನ್ ಕೋಟೆ. 1718ರಲ್ಲಿ ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್ ಈ ಕೋಟೆಯನ್ನು ಮುತ್ತಿದಾಗ ಗುಂಡು ತಗುಲಿ ಸತ್ತ. ಕೆಳಗೆ ಟಿಸ್ಟಾ ನದಿ. ಕಾಡಿನ ಮರ ಹರಿದು ಬರುವ ಆ ನದಿಯ ದಂಡೆಯಲ್ಲಿ 1859ರಲ್ಲಿ ಮರ ಕೊಯ್ಯುವ ಗಿರಣಿಗಳವರು ಒಂದುಗೂಡಿ ಸೌಗ್‌ಬ್ರುಗ್ಸ್ ಸಂಘ ಕಟ್ಟಿದರು. ಕಾಲ ಸರಿದಂತೆ ಆ ಸಂಘ ಕಾಗದದ ಕಾರ್ಖಾನೆಯಾಗಿ ಬೆಳೆಯಿತು. ನುಣುಪಾದ ನಿಯತಕಾಲಿಕೆ ಕಾಗದಕ್ಕೆ ಅದು ಹೆಸರುವಾಸಿ.

ಕಾಗದ ತಯಾರಿಕೆಯ ಅಸಲಿ ಹೋರಾಟ ನೀರಿನ ಜೊತೆ. ಯಂತ್ರದ ಒಂದು ತುದಿಯಲ್ಲಿ ಜಾಲರಿಯ ಮೇಲೆ ಬೀಳುವ ತಿರುಳಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಇರುತ್ತದೆ. ಬಹುಪಾಲು ತಾನಾಗಿ ಸೋರುತ್ತದೆ, ಇನ್ನಷ್ಟನ್ನು ರೋಲರುಗಳು ಹಿಂಡಿ ತೆಗೆಯುತ್ತವೆ. ಉಳಿದದ್ದು ಹೋಗಬೇಕಾದರೆ ಒಳಗೆ ಉಗಿ ತುಂಬಿದ ಕಬ್ಬಿಣದ ಸಿಲಿಂಡರುಗಳ ಸಾಲಿನ ಮೇಲೆ ಕಾಗದ ಓಡಬೇಕು. ಈ ಒಣಗಿಸುವ ಹಂತಕ್ಕೆ ಶಾಖ ಅಪಾರವಾಗಿ ಬೇಕು, ಆದರೆ ಅದು ವಿಪರೀತ ಬಿಸಿಯಾಗಿರಬೇಕಿಲ್ಲ. 200 ಡಿಗ್ರಿ ಸೆಲ್ಸಿಯಸ್ಸಿನೊಳಗಿನ ಉಗಿ ಸಾಕು. ಹಗಲೂ ರಾತ್ರಿ ಸಿಗುತ್ತಿರಬೇಕು, ಅಷ್ಟೇ.

ಎರಡನೆಯ ಮಹಾಯುದ್ಧ ಮುಗಿದಾಗ ನಾರ್ವೆಯ ಕೈಯಲ್ಲಿ ಹೆಚ್ಚಿನ ದೇಶಗಳಿಗೆ ಇಲ್ಲದ ಒಂದು ಸರಕಿತ್ತು: ಭಾರಜಲ, ಅಂದರೆ ಸಾಮಾನ್ಯ ಹೈಡ್ರೋಜನ್ನಿನ ಬದಲು ಡ್ಯುಟೀರಿಯಂ ಇರುವ ನೀರು. ರ್ಯೂಕನ್ನಿನ ಬಳಿ ಜಲಪಾತದ ವಿದ್ಯುತ್ತಿನಿಂದ ಗೊಬ್ಬರಕ್ಕೆ ಬೇಕಾದ ಹೈಡ್ರೋಜನ್ ತಯಾರಿಸುತ್ತಿದ್ದ ನಾರ್ಸ್ಕ್ ಹೈಡ್ರೊ ಕಂಪನಿಗೆ 1930ರ ದಶಕದಿಂದ ಅದು ಉಪಉತ್ಪನ್ನವಾಗಿ ಸಿಗುತ್ತಿತ್ತು. ಜರ್ಮನರ ಕೈಗೆ ಸಿಗದಿರಲೆಂದು 1943ರ ಫೆಬ್ರುವರಿಯಲ್ಲಿ ನಾರ್ವೆಯ ಯೋಧರು ಆ ಘಟಕಕ್ಕೆ ಸಿಡಿಮದ್ದಿಟ್ಟದ್ದು ಯುದ್ಧದ ಪ್ರಸಿದ್ಧ ಸಾಹಸಗಳಲ್ಲೊಂದು. ಯುದ್ಧಾನಂತರ ಭೌತವಿಜ್ಞಾನಿ ಗುನ್ನರ್ ರಾಂಡರ್ಸ್ ಮತ್ತು ಎಂಜಿನಿಯರ್ ಓಡ್ ಡಾಲ್ ಅದೇ ಭಾರಜಲ ನೆಚ್ಚಿ ರಿಯಾಕ್ಟರ್ ಕಟ್ಟಲು ಹೊರಟರು. ಓಸ್ಲೊ ಹತ್ತಿರದ ಷೆಲ್ಲರ್‌ನಲ್ಲಿ 1951ರಲ್ಲಿ ಮೊದಲನೆಯದು ಚಾಲೂ ಆಯಿತು.

ಎರಡನೆಯದನ್ನು ಏತಕ್ಕೆ ಕಟ್ಟಬೇಕು ಎಂಬ ಪ್ರಶ್ನೆಗೆ ನಾರ್ವೆ ಕೊಟ್ಟ ಉತ್ತರ ವಿಶಿಷ್ಟ. ಬ್ರಿಟನ್, ಅಮೆರಿಕ, ರಷ್ಯಾಗಳು ಅಣುಶಕ್ತಿಯಿಂದ ವಿದ್ಯುತ್ತು ತೆಗೆಯುವ ಪೈಪೋಟಿಯಲ್ಲಿದ್ದವು. ನಾರ್ವೆಗೆ ವಿದ್ಯುತ್ತಿನ ಚಿಂತೆಯಿರಲಿಲ್ಲ. ಅದರ ಹೊಳೆಗಳು, ಜಲಪಾತಗಳು ಬೇಕಾದಷ್ಟು ಕೊಡುತ್ತಿದ್ದವು. ಆದರೆ ಅದರ ಕಾಗದ ಮತ್ತು ತಿರುಳಿನ ಕಾರ್ಖಾನೆಗಳ ಬಾಯ್ಲರುಗಳಿಗೆ ಇಂಧನ ಬೇಕಿತ್ತು. ಹೀಗಾಗಿ ಅಲ್ಲಿನ ಎಂಜಿನಿಯರುಗಳು ಟರ್ಬೈನಿನ ಮಾತು ಬಿಟ್ಟು ಉಗಿಯನ್ನೇ ಸರಕೆಂದು ಬಗೆದರು. ತಮ್ಮ ದೇಶಕ್ಕೆ ಯಾವುದು ಬೇಕೋ ಅದನ್ನೇ ಕೇಳಿಕೊಂಡ ಆ ವಿವೇಕ ಇಂದಿಗೂ ಮೆಚ್ಚುವಂಥದು.

ಹಾಲ್ಡೆನ್ನಿನ ಕಾಗದದ ಕಾರ್ಖಾನೆಯ ಪಕ್ಕದ ಬೆಟ್ಟವನ್ನೇ ಕೊರೆದು ಸುರಂಗ ಮಾಡಿದರು. ಮೂವತ್ತು ಮೀಟರಿಗೂ ಹೆಚ್ಚು ದಪ್ಪದ ಬಂಡೆಯ ಕೆಳಗಿನ ಗವಿಯಲ್ಲಿ ರಿಯಾಕ್ಟರನ್ನು ಕೂರಿಸಿದರು. 1959ರ ಜೂನ್ 29ರಂದು ಅದರಲ್ಲಿ ಸರಪಳಿ ಕ್ರಿಯೆ ಆರಂಭವಾಯಿತು. ಪಾತ್ರೆಯಲ್ಲಿ ಸುಮಾರು 14 ಟನ್ ಭಾರಜಲ. ನ್ಯೂಟ್ರಾನುಗಳ ವೇಗ ತಗ್ಗಿಸುವ ಮಂದಕವೂ ಅದೇ, ಶಾಖವಾಹಕವೂ ಅದೇ. ಪಂಪಿನ ನೂಕು ಇಲ್ಲದೆ, ಬಿಸಿಯಾದದ್ದು ಮೇಲೇರಿ ತಣಿದದ್ದು ಕೆಳಗಿಳಿಯುವ ಸಹಜ ಚಲನೆಯಿಂದಲೇ ಅದು ಇಂಧನದ ನಡುವೆ ಸುತ್ತುತ್ತಿತ್ತು. ಕುದಿಯುವ ಉಷ್ಣತೆ 240 ಡಿಗ್ರಿ, ಗರಿಷ್ಠ ಶಾಖಬಲ 25 ಮೆಗಾವಾಟ್. ವಿದ್ಯುತ್ ಕೇಂದ್ರದ ಲೆಕ್ಕದಲ್ಲಿ ಇದು ಪುಟ್ಟದು, ಕಾಗದದ ಕಾರ್ಖಾನೆಯ ಲೆಕ್ಕದಲ್ಲಿ ಗಣನೀಯ.

ಗವಿಯ ಭಾರಜಲದ ಆವಿ ನೇರವಾಗಿ ಕಾಗದದ ಸಿಲಿಂಡರಿಗೆ ಹೋಗುತ್ತಿರಲಿಲ್ಲ. ನಡುವೆ ಮೂರು ಸುತ್ತುಗಳಿದ್ದವು. ಮೊದಲ ಸುತ್ತಿನ ಭಾರಜಲ ತನ್ನ ಶಾಖವನ್ನು ಎರಡನೆಯ ಸುತ್ತಿನ ಸಾಮಾನ್ಯ ನೀರಿಗೆ ದಾಟಿಸಿ ಮರಳುತ್ತಿತ್ತು. ಎರಡನೆಯದು ಮೂರನೆಯದಕ್ಕೆ. ಮೂರನೆಯ ಸುತ್ತಿನಲ್ಲಿ ಹುಟ್ಟಿದ ಉಗಿ ಮಾತ್ರ ಬೆಟ್ಟದಿಂದಾಚೆ ಕಾರ್ಖಾನೆಗೆ ಹೋಗುತ್ತಿತ್ತು. ಒಂದು ಸುತ್ತಿನ ನೀರು ಇನ್ನೊಂದರ ಜೊತೆ ಬೆರೆಯುವಂತಿಲ್ಲ. ಲೋಹದ ಗೋಡೆಯ ಮೂಲಕ ಶಾಖ ಮಾತ್ರ ದಾಟಬೇಕು. ಕಾಗದದವರಿಗೆ ಧೈರ್ಯ ಕೊಟ್ಟದ್ದು ಈ ಬೇರ್ಪಡಿಕೆ.

ರಿಯಾಕ್ಟರಿನ ಮುಖ್ಯ ಕಸುಬು ಮಾತ್ರ ಸಂಶೋಧನೆಯೇ ಆಗಿತ್ತು. 1958ರಲ್ಲಿ ಯುರೋಪಿನ ಹಲವು ದೇಶಗಳು ಕೂಡಿ ಅದನ್ನು ಜಂಟಿ ಯೋಜನೆ ಮಾಡಿಕೊಂಡವು. ಮುಂದೆ ಜಪಾನ್, ಅಮೆರಿಕಗಳೂ ಸೇರಿದವು. ಇಂಧನದ ಕಂಬಿ ಒಳಗೊಳಗೆ ಎಷ್ಟು ಬಿಸಿಯಾಗುತ್ತದೆ, ಹೇಗೆ ಉಬ್ಬುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಉರಿಯುತ್ತಿರುವಾಗಲೇ ಅಳೆಯುವ ಉಪಕರಣಗಳಿಗೆ ಹಾಲ್ಡೆನ್ ಜಗತ್ಪ್ರಸಿದ್ಧವಾಯಿತು. ಅಂಥ ಪ್ರಯೋಗಗಳ ನಡುವೆಯೇ ಕಾಗದವೂ ಒಣಗುತ್ತಿತ್ತು. ವಿಜ್ಞಾನಿಗಳಿಗೆ ಬೇಕಾದಾಗ ರಿಯಾಕ್ಟರು ನಿಲ್ಲುತ್ತಿತ್ತು. ಕಾರ್ಖಾನೆ ಅದೊಂದನ್ನೇ ನೆಚ್ಚಿಕೊಂಡಿರಲಿಲ್ಲವಾದ್ದರಿಂದ ಕೆಲಸ ನಿಲ್ಲುತ್ತಿರಲಿಲ್ಲ.

ಈ ನೆರೆಹೊರೆತನಕ್ಕೂ ಕಷ್ಟದ ದಿನಗಳು ಬಂದವು. 2016ರ ಅಕ್ಟೋಬರಿನಲ್ಲಿ ಹಾಳಾದ ಇಂಧನವೊಂದನ್ನು ಎತ್ತಿಡುವಾಗ ವಿಕಿರಣಶೀಲ ಅಯೊಡಿನ್ ಹೊರಬಿತ್ತು. 2018ರಲ್ಲಿ ಕವಾಟವೊಂದರ ದೋಷದಿಂದ ನಿಂತಿದ್ದ ರಿಯಾಕ್ಟರನ್ನು ಮತ್ತೆ ನಡೆಸುವುದಿಲ್ಲವೆಂದು ಆ ವರ್ಷದ ಜೂನಿನಲ್ಲಿ ತೀರ್ಮಾನವಾಯಿತು. ಕಾಗದದ ಕಾರ್ಖಾನೆ ಅದಾದ ಮೇಲೂ ನಡೆಯಿತು.

ಹಾಲ್ಡೆನ್ನಿಗೂ ಮುಂಚೆ ಇಂಥ ಯತ್ನ ನಡೆದಿದ್ದುಂಟು. ಇಂಗ್ಲೆಂಡಿನ ಹಾರ್‌ವೆಲ್‌ನಲ್ಲಿ 1948ರಲ್ಲಿ ಆರಂಭವಾದ ಬೆಪೊ ಎಂಬ ಪ್ರಯೋಗ ರಿಯಾಕ್ಟರನ್ನು ಗಾಳಿಯಿಂದ ತಂಪು ಮಾಡುತ್ತಿದ್ದರು. 1951ರಲ್ಲಿ ಆ ಬಿಸಿಗಾಳಿಯ ಶಾಖವನ್ನು ಹಿಡಿದು ಅಲ್ಲಿನ ಕಟ್ಟಡವನ್ನೇ ಬೆಚ್ಚಗಿಟ್ಟರು. ಬ್ರಿಟನ್ನಿನ ಮೊದಲ ಅಣು ವಿದ್ಯುತ್ ಕೇಂದ್ರ ಕಾಲ್ಡರ್ ಹಾಲ್ ಗ್ರಿಡ್ಡಿಗೆ ಸೇರಿದ್ದು 1956ರಲ್ಲಿ. ಅಲ್ಲಿ ವಿದ್ಯುತ್ತಿಗಿಂತ ಐದು ವರ್ಷ ಮೊದಲೇ ಶಾಖ ಮನುಷ್ಯರ ಕೈಗೆ ಬಂದಿತ್ತು. ಹಾಲ್ಡೆನ್ನಿನ ನಂತರವೂ ಇಂಥವು ಬಂದವು. ಸ್ವೀಡನ್ನಿನಲ್ಲಿ ಸ್ಟಾಕ್‌ಹೋಮ್ ದಕ್ಷಿಣದ ಓಗೆಸ್ಟದ ಬಂಡೆಯೊಳಗಿನ ಭಾರಜಲ ರಿಯಾಕ್ಟರು 1964ರಿಂದ 1974ರವರೆಗೆ ಫಾರ್ಸ್ಟ ಬಡಾವಣೆಯ ಮನೆಗಳಿಗೆ ಬಿಸಿನೀರು ಒದಗಿಸಿತು. ಅದರ ವಿದ್ಯುತ್ತು ಬರೀ 10 ಮೆಗಾವಾಟ್, ಶಾಖ ಅದರ ಐದು ಪಟ್ಟಿಗೂ ಮೇಲೆ. ಸ್ವಿಟ್ಜರ್ಲೆಂಡಿನ ಗ್ಯೋಸ್ಗೆನ್ ಕೇಂದ್ರ 1979ರಿಂದ ಸುಮಾರು ಎರಡು ಕಿಲೋಮೀಟರ್ ಆಚೆಯ ರಟ್ಟಿನ ಕಾರ್ಖಾನೆಗೆ ಉಗಿ ಕಳಿಸಿತು.

ಕಾಸ್ಪಿಯನ್ ಸಮುದ್ರದ ಮರುಭೂಮಿ ದಂಡೆಯಲ್ಲಿ, ಇಂದಿನ ಕಜಕಸ್ತಾನದ ಅಕ್ತಾವ್‌ನಲ್ಲಿ, ಶಾಖ ಕುಡಿಯುವ ನೀರಾಯಿತು. ಆಗ ಶೆವ್‌ಚೆಂಕೊ ಎಂದು ಕರೆಯುತ್ತಿದ್ದ ಆ ಊರಿಗೆ ಸಿಹಿನೀರಿನ ಸೆಲೆಯಿರಲಿಲ್ಲ. 1973ರಲ್ಲಿ ಶುರುವಾದ ಬಿಎನ್-350 ಎಂಬ, ಸೋಡಿಯಂನಿಂದ ತಂಪಾಗುವ ರಿಯಾಕ್ಟರು 1999ರವರೆಗೆ ವಿದ್ಯುತ್ತಿನ ಜೊತೆಗೆ ಸಮುದ್ರದ ನೀರನ್ನು ಭಟ್ಟಿ ಇಳಿಸುವ ಶಾಖವನ್ನೂ ಕೊಟ್ಟಿತು. ನಮ್ಮ ಕಲ್ಪಾಕ್ಕಂನಲ್ಲೂ ಮದ್ರಾಸ್ ಅಣು ವಿದ್ಯುತ್ ಕೇಂದ್ರದ ಉಗಿಯಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಪ್ರದರ್ಶನ ಘಟಕವಿದೆ. ಪೊರೆಯ ಮೂಲಕ ಸೋಸುವ ಭಾಗವೂ ಸೇರಿ ಅದರ ಸಾಮರ್ಥ್ಯ ದಿನಕ್ಕೆ 6,300 ಘನಮೀಟರ್.

ಭಾರತದ ಮಟ್ಟಿಗೆ ಹೆಚ್ಚು ಅರ್ಥಪೂರ್ಣವಾದದ್ದು ರಾಜಸ್ಥಾನದ ರಾವತ್‌ಭಾಟ. ಅಲ್ಲಿನ ಮೊದಲ ರಿಯಾಕ್ಟರು ಕೆನಡಾದ ಡಗ್ಲಸ್ ಪಾಯಿಂಟ್ ಮಾದರಿಯದು. ಡಗ್ಲಸ್ ಪಾಯಿಂಟಿನ ಉಗಿ ಪಕ್ಕದ ಬ್ರೂಸ್ ಭಾರಜಲ ಘಟಕಕ್ಕೆ ಹೋಗುತ್ತಿತ್ತು. 1974ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ಕೆನಡಾ ಭಾರತದ ಜೊತೆಗಿನ ಸಹಕಾರವನ್ನು ಕೈಬಿಟ್ಟಿತು. ಭಾರತ ತನ್ನ ಭಾರಜಲವನ್ನು ತಾನೇ ಮಾಡಿಕೊಳ್ಳಬೇಕಾಯಿತು. 1985ರಲ್ಲಿ ಚಾಲೂ ಆದ ಕೋಟಾ ಭಾರಜಲ ಘಟಕ ಬೇಕಾದ ಉಗಿಯನ್ನು ಪಕ್ಕದ ರಾವತ್‌ಭಾಟ ಅಣು ವಿದ್ಯುತ್ ಕೇಂದ್ರದಿಂದಲೇ ಪಡೆಯಿತು. ನೀರಿನಲ್ಲಿರುವ ಸುಮಾರು 6,500 ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಮಾತ್ರ ಡ್ಯುಟೀರಿಯಂ. ಅದನ್ನು ಹೈಡ್ರೋಜನ್ ಸಲ್ಫೈಡ್ ಅನಿಲದ ಜೊತೆ ಬಿಸಿ ಗೋಪುರ, ತಣ್ಣನೆಯ ಗೋಪುರಗಳ ಮೂಲಕ ಮತ್ತೆ ಮತ್ತೆ ಹಾಯಿಸಿ ಹೆಕ್ಕಬೇಕು. ಶಾಖವನ್ನು ಅಷ್ಟು ತಿನ್ನುವ ಕಸುಬು ರಸಾಯನ ಉದ್ಯಮದಲ್ಲಿ ಅಪರೂಪ.

ಹೀಗೆ ಒಂದು ರಿಯಾಕ್ಟರಿನ ಉಗಿಯಿಂದ ಮುಂದಿನ ರಿಯಾಕ್ಟರಿಗೆ ಬೇಕಾದ ಭಾರಜಲ ಸಿದ್ಧವಾಯಿತು. ಉತ್ತರ ಕನ್ನಡದ ಕೈಗಾದ ನಾಲ್ಕು ರಿಯಾಕ್ಟರುಗಳೂ ಭಾರಜಲದವೇ. ಸಮ್ಮಿಲನದ ಎರಡು ಇಂಧನಗಳಲ್ಲಿ ಒಂದಾದ ಡ್ಯುಟೀರಿಯಂ ಇರುವುದು ಈ ಭಾರಜಲದಲ್ಲೇ. ಇನ್ನೊಂದಾದ ಟ್ರಿಟಿಯಂ ಭಾರಜಲ ರಿಯಾಕ್ಟರುಗಳಲ್ಲೂ ಹುಟ್ಟುತ್ತದೆ. ವಿದಳನದ ಶಾಖ ಉದ್ಯಮಕ್ಕೆ ಇಳಿದ ಈ ಹಾದಿ ಸಮ್ಮಿಲನದ ಬಾಗಿಲಿಗೆ ಬಂದು ಮುಟ್ಟುತ್ತದೆ.

ಎಲ್ಲ ಕಡೆ ಹೀಗೆ ಕೂಡಿಬರಲಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಮಿಡ್‌ಲೆಂಡಿನಲ್ಲಿ ಡೌ ರಾಸಾಯನಿಕ ಕಾರ್ಖಾನೆಗೆ ಉಗಿ, ಜನರಿಗೆ ವಿದ್ಯುತ್ತು ಕೊಡಲೆಂದು ಎರಡು ದೊಡ್ಡ ರಿಯಾಕ್ಟರುಗಳನ್ನು ಕಟ್ಟತೊಡಗಿದರು. ಕಟ್ಟಡದ ಅಡಿಯ ಮಣ್ಣು ಕುಸಿಯಿತು, ವೆಚ್ಚ ಕೈಮೀರಿತು, ವರ್ಷಗಳು ಉರುಳಿದವು. 1983ರಲ್ಲಿ ಡೌ ಹಿಂದೆ ಸರಿಯಿತು, ಮರುವರ್ಷ ಕೆಲಸವೇ ನಿಂತಿತು. 1990ರಲ್ಲಿ ಅದೇ ಜಾಗದಲ್ಲಿ ನೈಸರ್ಗಿಕ ಅನಿಲ ಉರಿಸುವ ಕೇಂದ್ರ ತಲೆಯೆತ್ತಿ ಡೌಗೆ ಉಗಿ ಕೊಡತೊಡಗಿತು. ಉಗಿಯ ಅಗತ್ಯ ಹಾಗೆಯೇ ಇತ್ತು; ರಿಯಾಕ್ಟರಿನ ಉಗಿ ಹೇಳಿದ ದಿನಕ್ಕೆ, ಹೇಳಿದ ಬೆಲೆಗೆ ಬರಲಿಲ್ಲ. ಕಾರ್ಖಾನೆಯವರು ವಿಜ್ಞಾನದ ಪ್ರಗತಿಗಾಗಿ ಕಾದು ಕೂರಲಾರರು.

ಸಮ್ಮಿಲನದವರೂ ಕಾರ್ಖಾನೆಯ ಕನಸು ಕಾಣದೆ ಇರಲಿಲ್ಲ. 1955ರಲ್ಲಿ ಜಿನೀವಾದ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ ಎರಡು ದಶಕಗಳಲ್ಲಿ ಸಮ್ಮಿಲನ ಶಕ್ತಿಯನ್ನು ಹತೋಟಿಗೆ ತರುವ ದಾರಿ ಸಿಗುತ್ತದೆಂದು ಭವಿಷ್ಯ ನುಡಿದರು. ಯುದ್ಧದ ವರ್ಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದಿದ್ದ ಭಾಭಾ ಅವರ ಆ ಮಾತು ಜಗತ್ತಿನಾದ್ಯಂತ ಉತ್ಸಾಹ ಹುಟ್ಟಿಸಿತು.

ಆ ಉತ್ಸಾಹದ ಬೆಳೆಗಳಲ್ಲಿ ಅತ್ಯಂತ ಧೀರವಾದದ್ದು 'ಸಮ್ಮಿಲನ ಪಂಜು'. ಅಮೆರಿಕದ ಅಣುಶಕ್ತಿ ಆಯೋಗದಲ್ಲಿದ್ದ ಬರ್ನಾರ್ಡ್ ಈಸ್ಟ್‌ಲಂಡ್ ಮತ್ತು ವಿಲಿಯಂ ಗಾಫ್ 1969ರಲ್ಲಿ ಇದರ ವರದಿ ಹೊರತಂದರು. ರಿಯಾಕ್ಟರಿನಿಂದ ಹೊರಸೂಸುವ ಪ್ಲಾಸ್ಮಾವನ್ನು ಕಸದ ಮೇಲೆ, ಗುಜರಿಯ ಮೇಲೆ ಹಾಯಿಸಿದರೆ ಯಾವ ಘನವಸ್ತುವೂ ಆವಿಯಾಗಿ ಮೂಲಧಾತುಗಳಾಗಿ ಬಿಡಿಬಿಡಿಯಾದೀತು. ಅವನ್ನು ಬೇರ್ಪಡಿಸಿ ಮತ್ತೆ ಬಳಸಬಹುದು ಎಂಬುದು ಅವರ ಆಲೋಚನೆ. ಪ್ಲಾಸ್ಮಾಕ್ಕೆ ತಕ್ಕ ಧಾತು ಬೆರೆಸಿ ಅದರ ಶಕ್ತಿಯನ್ನು ಅತಿನೇರಳೆ ಬೆಳಕಾಗಿ ಮಾರ್ಪಡಿಸಿ ರಸಾಯನ ಉದ್ಯಮಕ್ಕೆ ಉಣಿಸುವ ದಾರಿಯನ್ನೂ ಅವರು ಸೂಚಿಸಿದರು. ಗಣಿಯಿಂದ ಅಗೆದದ್ದು ಕಸದ ಗುಡ್ಡೆ ಸೇರಿ ಮುಗಿದುಹೋಗುವ ಪದ್ಧತಿಯೇ ಅವರಿಗೆ ಬೇಡವಾಗಿತ್ತು. ಪಂಜು ಹೊತ್ತಿಸಲು ಬೇಕಾದ ರಿಯಾಕ್ಟರು ಹುಟ್ಟಲಿಲ್ಲ, ಹಂಬಲ ಮಾತ್ರ ದೊಡ್ಡದೇ.

1973ರ ತೈಲ ಬಿಕ್ಕಟ್ಟಿನ ನಂತರ ಯೋಜನೆಗಳು ನೆಲಕ್ಕೆ ಹತ್ತಿರವಾದವು. ಬ್ರೂಕ್‌ಹೇವನ್ ಪ್ರಯೋಗಾಲಯದವರು ಹೈಫೈರ್ ಹೆಸರಿನ ವಿನ್ಯಾಸ ಮಾಡಿದರು. ಸಮ್ಮಿಲನ ರಿಯಾಕ್ಟರಿನ ಸುತ್ತಣ ಕವಚದಲ್ಲಿ ಉಗಿಯನ್ನು ಅತಿಯಾಗಿ ಕಾಯಿಸಿ, ಆ ಬಿಸಿಯಲ್ಲೇ ವಿದ್ಯುತ್ತು ಹಾಯಿಸಿ ಹೈಡ್ರೋಜನ್ ಬಿಡಿಸುವುದು ಅದರ ಉದ್ದೇಶ. ಉಗಿ ಬಿಸಿಯಾದಷ್ಟೂ ಒಡೆಯಲು ಬೇಕಾದ ವಿದ್ಯುತ್ತು ಕಡಿಮೆ. ಪೆಟ್ರೋಲಿಗೆ ಬದಲು ಇಂಧನ, ಗೊಬ್ಬರಕ್ಕೆ ಅಮೋನಿಯ ಅದರಿಂದ ಸಾಧ್ಯವಿತ್ತು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯವೂ ಇದೇ ಜಾಡಿನಲ್ಲಿ ದುಡಿಯಿತು. ಎಲ್ಲವೂ ಕಾಗದದ ಮೇಲೇ ಉಳಿದವು.

ಸಮ್ಮಿಲನದ ಶಾಖ ಹಿಡಿಯುವುದು ಆ ಕವಚವೇ. ಡ್ಯುಟೀರಿಯಂ, ಟ್ರಿಟಿಯಂ ಬೆಸೆದಾಗ ಶಕ್ತಿಯ ನೂರಕ್ಕೆ ಎಂಬತ್ತು ಪಾಲನ್ನು ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ವಿದ್ಯುದಾವೇಶವಿಲ್ಲದ ಅದನ್ನು ಆಯಸ್ಕಾಂತ ತಡೆಯಲಾರದು. ಅದು ಕವಚಕ್ಕೆ ಬಡಿದು ನಿಂತು ಕವಚವನ್ನು ಬಿಸಿ ಮಾಡುತ್ತದೆ. ಪ್ಲಾಸ್ಮಾದ ಉಷ್ಣತೆ ಹತ್ತು ಕೋಟಿ ಡಿಗ್ರಿ ದಾಟಿದರೂ ಕಾರ್ಖಾನೆಗೆ ಸಿಗುವುದು ಕವಚದ ಲೋಹ ತಾಳುವಷ್ಟು ಮಾತ್ರ. ನೀರಿನಿಂದ ತಂಪಾಗುವ ಕವಚ 300 ಡಿಗ್ರಿ ಆಸುಪಾಸಿನ ಶಾಖ ಕೊಟ್ಟೀತು. ಅದು ಕಾಗದಕ್ಕೆ, ಸಿಹಿನೀರಿಗೆ, ಭಾರಜಲಕ್ಕೆ ಧಾರಾಳ. ಉಕ್ಕು, ಸಿಮೆಂಟಿಗೆ ಸಾಲದು.

ಇನ್ನೊಂದು ತೊಡಕು ಟ್ರಿಟಿಯಂನದು. ಹೈಡ್ರೋಜನ್ನಿನ ಬಗೆಯಾದ್ದರಿಂದ ಅದು ಬಿಸಿಯಾದ ಉಕ್ಕಿನ ಗೋಡೆಯೊಳಗೂ ನುಸುಳಿ ಆಚೆಗೆ ಹೋಗಬಲ್ಲದು. ಪಕ್ಕದ ಕಾರ್ಖಾನೆಯ ಉಗಿಗೆ ಅದು ಸೇರಕೂಡದು. ಹಾಲ್ಡೆನ್ನಿನ ಮೂರು ಸುತ್ತುಗಳ ಪಾಠ ಇಲ್ಲಿ ಇನ್ನೂ ಬಿಗಿಯಾಗಿ ಬೇಕು.

ಅಂಕಿಗಳನ್ನು ಹಾಲ್ಡೆನ್ನಿನ ಪಕ್ಕ ಇಟ್ಟರೆ ಹಾದಿ ಸ್ಪಷ್ಟವಾಗುತ್ತದೆ. ಜೆಟ್ ತನ್ನ ಐದು ಸೆಕೆಂಡಿನಲ್ಲಿ ಸರಾಸರಿ ಸುಮಾರು 14 ಮೆಗಾವಾಟ್ ಬಲದಲ್ಲಿ ಉರಿಯಿತು, ಅಂದರೆ ಹಾಲ್ಡೆನ್ನಿನ ಅರ್ಧಕ್ಕಿಂತ ತುಸು ಹೆಚ್ಚು. ಬಲದಲ್ಲಿ ಅಂತರ ಹೆಚ್ಚಿಲ್ಲ, ಕಾಲದಲ್ಲಿ ಇದೆ. ನಾರ್ವೆಯ ರಿಯಾಕ್ಟರು ಒಮ್ಮೆ ಹೊತ್ತಿಕೊಂಡರೆ ವಾರಗಟ್ಟಲೆ ಉರಿಯಬಲ್ಲದಾಗಿತ್ತು. ಫ್ರಾನ್ಸಿನ ಕಾದರಾಶ್‌ನಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ಗುರಿ 50 ಮೆಗಾವಾಟ್ ಪ್ಲಾಸ್ಮಾಕ್ಕೆ ಊಡಿ 500 ಮೆಗಾವಾಟ್ ಸಮ್ಮಿಲನ ಶಕ್ತಿ ಪಡೆಯುವುದು. ಅದು ಇಪ್ಪತ್ತು ಹಾಲ್ಡೆನ್‌ಗಳಿಗೆ ಸಮ. ಒಂದು ಓಟದ ಅವಧಿ ಮಾತ್ರ ಸುಮಾರು 400 ಸೆಕೆಂಡು. ವಿದ್ಯುತ್ತು ತೆಗೆಯುವ ಟರ್ಬೈನ್ ಅಲ್ಲಿಲ್ಲ. ಶಾಖವೆಲ್ಲ ಕೂಲಿಂಗ್ ಟವರುಗಳ ಮೂಲಕ ಗಾಳಿಗೆ ಹೋಗುತ್ತದೆ. ಏಳು ಪಾಲುದಾರರ ಆ ಯೋಜನೆಯಲ್ಲಿ ಶಾಖವನ್ನು ಹೊರಹಾಕುವ ಈ ವ್ಯವಸ್ಥೆಯನ್ನು ಒದಗಿಸುವ ಹೊಣೆ ಭಾರತದ್ದು.

ಐಟರ್ ಆಚೆಗಿನ ಯಂತ್ರಗಳಿಗೆ ಜಾಗ ಹುಡುಕುವ ಕೆಲಸ ಈಗಾಗಲೇ ನಡೆದಿದೆ. ಬ್ರಿಟನ್ ತನ್ನ ಸ್ಟೆಪ್ ಎಂಬ ಮಾದರಿ ಸಮ್ಮಿಲನ ಕೇಂದ್ರಕ್ಕೆ 2022ರಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ವೆಸ್ಟ್ ಬರ್ಟನ್ನಿನ ಕಲ್ಲಿದ್ದಲು ಕೇಂದ್ರದ ನೆಲವನ್ನು ಆರಿಸಿತು. ಚೀನಾದ ತ್ಯಾನ್‌ವಾನ್ ಅಣು ವಿದ್ಯುತ್ ಕೇಂದ್ರ 2024ರಿಂದ ಸುಮಾರು 23 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆಗಳಿಗೆ ಉಗಿ ಕಳಿಸುತ್ತಿದೆ. ಗ್ಯೋಸ್ಗೆನ್ ಕಾಲದ ಎರಡು ಕಿಲೋಮೀಟರಿನ ಮಿತಿ ಅಷ್ಟು ದೂರ ಸರಿದಿದೆ. ಹಾಗಿರುವಾಗ ಸಮ್ಮಿಲನದ ಹೊಸ ಯಂತ್ರಕ್ಕೆ ನೆಲ ಗುರುತಿಸುವವರು ಪ್ಲಾಸ್ಮಾದ ಜೊತೆಗೆ ನೆರೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಪ್ಪತ್ತು ಕಿಲೋಮೀಟರಿನೊಳಗೆ ಉಗಿ ಕೊಳ್ಳುವ ಕಾರ್ಖಾನೆ ಯಾವುದು, ಅದಕ್ಕೆ ಎಷ್ಟು ಡಿಗ್ರಿಯ ಶಾಖ ಬೇಕು, ಯಂತ್ರ ನಿಂತ ದಿನ ಅದರ ಬಾಯ್ಲರನ್ನು ಹೊತ್ತಿಸುವ ಖರ್ಚು ಯಾರದು ಎಂಬುದೆಲ್ಲ ಕವಚದ ಲೋಹವನ್ನು ಆರಿಸುವ ಮೊದಲೇ ತೀರ್ಮಾನವಾಗಬೇಕು. ಕಟ್ಟಡ ಎದ್ದ ಮೇಲೆ ಗ್ರಾಹಕರನ್ನು ಹುಡುಕಿಕೊಂಡು ಕೊಳವೆ ಎಳೆಯುವುದು ಹಲವು ಪಟ್ಟು ದುಬಾರಿ. ನಾರ್ವೆಯವರು ಈ ಲೆಕ್ಕವನ್ನು ಬೆಟ್ಟ ಕೊರೆಯುವ ಮೊದಲೇ ಹಾಕಿಕೊಂಡಿದ್ದರು.